ಬೆಳಕಾಗಿ ಬರುವ ಬೆಂಕಿ

ಭೂಮಿಯನ್ನು ತಗ್ಗಿನ ಕಕ್ಷೆಯಲ್ಲಿ ಸುತ್ತುವ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಆ ವೇಗದಲ್ಲಿ ಅದರ ಪ್ರತಿಯೊಂದು ಕಿಲೋಗ್ರಾಮಿನಲ್ಲೂ 30 ಮೆಗಾಜೂಲ್ ಚಲನಶಕ್ತಿ ತುಂಬಿರುತ್ತದೆ. ಚಂದ್ರನಿಂದ ಮರಳುವ ನೌಕೆ ನಮ್ಮ ವಾತಾವರಣವನ್ನು ಮುಟ್ಟುವಾಗ ಸೆಕೆಂಡಿಗೆ 11 ಕಿ.ಮೀ. ವೇಗದಲ್ಲಿರುತ್ತದೆ, ಆಗ ಕಿಲೋಗ್ರಾಮಿಗೆ 60 ಮೆಗಾಜೂಲ್. ಒಂದು ಕಿಲೋಗ್ರಾಂ ಶುದ್ಧ ಇಂಗಾಲವನ್ನು ಚೂರೂ ಬಿಡದೆ ಆವಿ ಮಾಡಲು ಬೇಕಾದ ಶಾಖವೂ ಹೆಚ್ಚುಕಡಿಮೆ ಇಷ್ಟೇ. ಕಬ್ಬಿಣಕ್ಕೆ, ಅಲ್ಯೂಮಿನಿಯಮ್‌ಗೆ ಇದರ ಕಾಲುಭಾಗವೂ ಬೇಡ. ನೌಕೆಯ ವೇಗವೆಲ್ಲ ಶಾಖವಾಗಿ ಅದರ ಒಡಲಿಗೇ ಇಳಿದರೆ ನೆಲಕ್ಕೆ ಮುಟ್ಟಲು ಏನೂ ಉಳಿಯುವುದಿಲ್ಲ.

ಆದರೂ ನೌಕೆಗಳು ಮರಳಿ ಬರುತ್ತಿವೆ. 2025ರ ಜುಲೈ 15ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರಿದ್ದ ಡ್ರ್ಯಾಗನ್ ಕ್ಯಾಪ್ಸೂಲ್ ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಪೆಸಿಫಿಕ್ ಸಾಗರಕ್ಕೆ ಇಳಿದಾಗ ಅದರ ತಳದಲ್ಲಿದ್ದ ಕವಚ ಸುಟ್ಟು ಕಪ್ಪಾಗಿತ್ತು, ಒಳಗಿದ್ದ ನಾಲ್ವರು ಕ್ಷೇಮವಾಗಿದ್ದರು. ಅಷ್ಟು ಶಕ್ತಿ ಹೋಯಿತೆಲ್ಲಿಗೆ? ಬಹುಪಾಲು ಗಾಳಿಗೆ ಹೋಯಿತು. ನೂರರಲ್ಲಿ ಕೆಲವೇ ಪಾಲು ಕವಚಕ್ಕೆ ತಲುಪಿತು. ಆ ಕೆಲವೇ ಪಾಲನ್ನು ತಡೆಯುವುದರಲ್ಲಿ ಎಪ್ಪತ್ತು ವರ್ಷಗಳ ವಿಜ್ಞಾನ ಅಡಗಿದೆ. ಅದರಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಅತಿವೇಗದಲ್ಲಿ ಮಾತ್ರ ಎದುರಾಗುವ ಒಂದು ಸಂಗತಿ. ವೇಗ ಒಂದು ಮಿತಿ ದಾಟಿದ ಮೇಲೆ ಶಾಖ ನೌಕೆಗೆ ತಾಗಿ ಬರುವುದಕ್ಕಿಂತ ಬೆಳಕಾಗಿ ಬರುವುದೇ ಹೆಚ್ಚಾಗುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನೌಕೆಯ ಮೈಗೆ ಗಾಳಿ ಉಜ್ಜಿ ಘರ್ಷಣೆಯಿಂದ ಬೆಂಕಿ ಏಳುತ್ತದೆ ಎಂದು ಅನೇಕ ಪಠ್ಯಗಳು ಇಂದಿಗೂ ಹೇಳುತ್ತವೆ. ಘರ್ಷಣೆಯ ಪಾಲು ಇದೆ, ಆದರೆ ಮುಖ್ಯ ಕಾರಣ ಅದಲ್ಲ. ಮುಂದೆ ಏನೋ ಬರುತ್ತಿದೆ ಎಂಬ ಸುದ್ದಿ ಗಾಳಿಯಲ್ಲಿ ಶಬ್ದದ ವೇಗಕ್ಕಿಂತ ಹೆಚ್ಚು ವೇಗವಾಗಿ ಹರಡಲಾರದು. ನೌಕೆ ಶಬ್ದದ ಮೂವತ್ತು ಪಟ್ಟು ವೇಗದಲ್ಲಿ ನುಗ್ಗುವಾಗ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಅದು ನೌಕೆಯ ಮುಂದೆ ದಟ್ಟವಾಗಿ ಒತ್ತಿಕೊಳ್ಳುತ್ತದೆ. ಒತ್ತಡವೂ ಉಷ್ಣತೆಯೂ ಅತಿ ತೆಳುವಾದ ಒಂದು ಎಲ್ಲೆಯಲ್ಲಿ ಏಕಾಏಕಿ ಏರುತ್ತವೆ. ಆ ಎಲ್ಲೆಯೇ ಆಘಾತ ತರಂಗ. ಆಘಾತ ತರಂಗಕ್ಕೂ ನೌಕೆಯ ಮೈಗೂ ನಡುವೆ ಸಿಕ್ಕಿಕೊಂಡ ಗಾಳಿಯ ಪದರ, ಅಂದರೆ ಆಘಾತ ಪದರ, ಕಾದು ಕುದಿಯುತ್ತದೆ. ಮುಂದಿನ ಕಥೆಯೆಲ್ಲ ಕೆಲವೇ ಸೆಂಟಿಮೀಟರ್ ದಪ್ಪದ ಆ ಪದರದಲ್ಲಿ ನಡೆಯುವಂಥದ್ದು.

1950ರ ದಶಕದ ಆರಂಭದಲ್ಲಿ ಅಮೆರಿಕದ ಎಂಜಿನಿಯರುಗಳ ಮುಂದೆ ಇದ್ದದ್ದು ಖಂಡಾಂತರ ಕ್ಷಿಪಣಿಯ ಪ್ರಶ್ನೆ. ವೇಗದ ವಿಮಾನಗಳ ಮೂತಿ ಚೂಪಾಗಿರಬೇಕು ಎಂಬುದು ಆಗಿನ ಅನುಭವ. ಹಾಗಾಗಿ ಸಿಡಿತಲೆಗಳನ್ನೂ ಸೂಜಿಯಂತೆ ಮಾಡಲು ಹೊರಟಿದ್ದರು. ಲೆಕ್ಕ ಹಾಕಿ ನೋಡಿದರೆ ಸೂಜಿಯ ತುದಿ ಕರಗಿಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಏಮ್ಸ್ ಪ್ರಯೋಗಾಲಯದಲ್ಲಿದ್ದ ಎಚ್. ಜೂಲಿಯನ್ ಆ್ಯಲೆನ್ 1951ರಲ್ಲಿ ತದ್ವಿರುದ್ಧವಾದ ಸಲಹೆ ಕೊಟ್ಟರು. ಮೂತಿಯನ್ನು ಮೊಂಡಾಗಿಸಿ ಎಂದರು. ಮೊಂಡಾದ ದೇಹದ ಮುಂದೆ ಆಘಾತ ತರಂಗ ಮೈಗೆ ಅಂಟಿಕೊಳ್ಳದೆ ದೂರ ಸರಿದು ನಿಲ್ಲುತ್ತದೆ, ಬಲವಾಗಿಯೂ ಇರುತ್ತದೆ. ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಕಾಯಿಸುವುದರಲ್ಲೇ ಖರ್ಚಾಗಿ, ಆ ಗಾಳಿ ಪಕ್ಕದಿಂದ ಹರಿದು ಹಿಂದೆ ಹೋಗುತ್ತದೆ. ಆಲ್ಫ್ರೆಡ್ ಎಗರ್ಸ್ ಜೊತೆಗೂಡಿ ಅವರು ಇದರ ಗಣಿತವನ್ನು ಬರೆದಿಟ್ಟರು. 1953ರಲ್ಲಿ ರಹಸ್ಯ ವರದಿಯಾಗಿದ್ದ ಅದು 1958ರಲ್ಲಿ ಬಹಿರಂಗವಾಯಿತು. ಅಮೆರಿಕದ ಹಳೆಯ ಮರ್ಕ್ಯುರಿ ಕ್ಯಾಪ್ಸೂಲಿನಿಂದ ಹಿಡಿದು ಇಂದಿನ ಒರಾಯನ್‌ವರೆಗೆ, ನಮ್ಮ ಗಗನಯಾನದ ಕ್ಯಾಪ್ಸೂಲಿನವರೆಗೆ ಎಲ್ಲಕ್ಕೂ ಅಗಲವಾದ ಮೊಂಡು ತಳ ಬಂದದ್ದು ಇಲ್ಲಿಂದ.

ಆಕಾರ ಸಿಕ್ಕಿದ ಮೇಲೆ ವಸ್ತುವಿನ ಪ್ರಶ್ನೆ. ಮೊದಲ ಕ್ಷಿಪಣಿಗಳಲ್ಲಿ ದಪ್ಪನೆಯ ತಾಮ್ರವನ್ನು ಬಳಸಿದರು. ಬಂದ ಶಾಖವನ್ನೆಲ್ಲ ಲೋಹ ಹೀರಿಕೊಳ್ಳಲಿ ಎಂಬ ಯೋಚನೆ. ಮರ್ಕ್ಯುರಿಯ ಮೊದಲ ಕಿರುಹಾರಾಟಗಳಲ್ಲಿ ಬೆರಿಲಿಯಮ್ ಇತ್ತು. ಆದರೆ ಲೋಹ ಹೀರಬಲ್ಲ ಶಾಖಕ್ಕೆ ಅದರ ಕರಗುವ ಬಿಂದುವೇ ಗಡಿ. ಶಾಖ ಹೆಚ್ಚಿದಂತೆ ಲೋಹದ ತೂಕವೂ ಹೆಚ್ಚಬೇಕು. ಕಕ್ಷೆಯ ವೇಗಕ್ಕೆ ಹೋದಾಗ ಈ ದಾರಿ ಮುಚ್ಚಿತು. ಹೊಸ ದಾರಿಯ ಸುಳಿವು ಹಳೆಯದೇ. ರಾಕೆಟ್ ವಿಜ್ಞಾನಿ ರಾಬರ್ಟ್ ಗಾಡರ್ಡ್ 1920ರಷ್ಟು ಹಿಂದೆಯೇ ಉಲ್ಕೆಗಳ ಉದಾಹರಣೆ ಕೊಟ್ಟಿದ್ದರು. ಉಲ್ಕಾಶಿಲೆಯ ಹೊರಮೈ ಕರಗಿ ಹರಿದುಹೋದರೂ ಒಳಭಾಗ ತಣ್ಣಗೇ ಉಳಿಯುತ್ತದೆ, ಶಾಖ ಒಳಗಿಳಿಯುವ ಮೊದಲೇ ಬಿಸಿಯಾದ ಪದರ ಕಳಚಿಹೋಗಿರುತ್ತದೆ ಎಂಬುದು ಅವರ ಗ್ರಹಿಕೆ. ಹೀಗೆ ಹೊರಮೈಯನ್ನು ಬೇಕೆಂದೇ ಸವೆಯಬಿಡುವುದನ್ನು ಎಂಜಿನಿಯರುಗಳು ಅಬ್ಲೇಶನ್ ಎನ್ನುತ್ತಾರೆ.

ಅಬ್ಲೇಶನ್ ಎಂದರೆ ಬರೀ ಸುಟ್ಟುಹೋಗುವುದಲ್ಲ, ಅದರಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಇಂದಿನ ಬಹುತೇಕ ಕವಚಗಳಲ್ಲಿ ಇಂಗಾಲದ ಅಥವಾ ಸಿಲಿಕಾದ ನಾರು, ಅದರ ನಡುವೆ ರಾಳ ಇರುತ್ತದೆ. ಸಾಮಾನ್ಯವಾಗಿ ಅದು ಫೀನಾಲಿಕ್ ರಾಳ. ಮೈ ಕಾಯತೊಡಗಿದಾಗ ಕೆಲವು ನೂರು ಡಿಗ್ರಿಯಲ್ಲೇ ರಾಳ ಒಡೆದು ಅನಿಲವಾಗುತ್ತದೆ. ಹಾಗೆ ಒಡೆಯಲು ಶಾಖ ಬೇಕು, ಅದು ಮೊದಲ ಖರ್ಚು. ಅನಿಲ ಹೋದ ಮೇಲೆ ಉಳಿಯುವುದು ರಂಧ್ರಮಯವಾದ ಇದ್ದಿಲು. ಒಳಗಿನಿಂದ ಹೊರಡುವ ಅನಿಲ ಆ ಬಿಸಿ ಇದ್ದಿಲಿನ ರಂಧ್ರಗಳಲ್ಲಿ ನುಸುಳಿ ಬರುವಾಗ ಅದರಿಂದ ಇನ್ನಷ್ಟು ಶಾಖವನ್ನು ಎತ್ತಿಕೊಳ್ಳುತ್ತದೆ. ಹೊರಗೆ ಬಂದ ಮೇಲೆ ಮೈಗೆ ಅಂಟಿಕೊಂಡು ಹರಿಯುತ್ತಿರುವ ಬಿಸಿಗಾಳಿಯ ಪದರವನ್ನು ದೂರಕ್ಕೆ ತಳ್ಳುತ್ತದೆ. ಇದ್ದಿಲಿನ ಮೈ ಆ ಹೊತ್ತಿಗೆ 3,000 ಕೆಲ್ವಿನ್ ಮುಟ್ಟಿ ಉಜ್ವಲವಾಗಿ ಬೆಳಗುತ್ತಿರುತ್ತದೆ. ಹೀಗೆ ಬೆಳಗುವ ಮೈಯೇ ಪ್ರತಿ ಚದರ ಸೆಂಟಿಮೀಟರಿಗೆ 400 ವ್ಯಾಟ್‌ಗಿಂತ ಹೆಚ್ಚು ಶಕ್ತಿಯನ್ನು ಹೊರಕ್ಕೆ ಸೂಸುತ್ತದೆ. ಇನ್ನೂ ಕಾದರೆ ಇಂಗಾಲ ದ್ರವವಾಗದೆ ನೇರ ಆವಿಯಾಗುತ್ತದೆ, ಅಲ್ಲಿಗೆ ಕೊನೆಯ ಮತ್ತು ಅತಿ ದೊಡ್ಡ ಖರ್ಚು. ಈ ಎಲ್ಲವೂ ನಡೆಯುತ್ತಿರುವಾಗ ಕೆಲವೇ ಸೆಂಟಿಮೀಟರ್ ಕೆಳಗಿನ ರಾಳಕ್ಕೆ ಇನ್ನೂ ಬಿಸಿ ತಟ್ಟಿರುವುದಿಲ್ಲ.

ಚಂದ್ರನಿಗೆ ಹೋಗಿಬಂದ ಅಪೊಲೊ ಕ್ಯಾಪ್ಸೂಲಿನ ಕವಚದ ಹೆಸರು ಆವ್‌ಕೋಟ್. ಜೇನುಗೂಡಿನಂಥ ಚೌಕಟ್ಟಿನಲ್ಲಿ ಸುಮಾರು 3,70,000 ಕೋಶಗಳು. ಒಂದೊಂದು ಕೋಶಕ್ಕೂ ತಂತ್ರಜ್ಞರು ಕೈಯಲ್ಲಿ ಹಿಡಿದ ಪಿಚಕಾರಿಯಿಂದ ರಾಳವನ್ನು ತುಂಬಿದರು. ಎಕ್ಸ್‌ರೇಯಲ್ಲಿ ಗಾಳಿಗುಳ್ಳೆ ಕಂಡ ಕೋಶವನ್ನು ಕೊರೆದು ತೆಗೆದು ಮತ್ತೆ ತುಂಬುತ್ತಿದ್ದರು. ಚಂದ್ರಯಾನದ ಬಗ್ಗೆ ಬರೆಯುವವರು ರಾಕೆಟ್ಟಿನ ಗಾತ್ರಕ್ಕೆ ಕೊಡುವ ಪುಟಗಳಲ್ಲಿ ಕಾಲುಭಾಗವನ್ನಾದರೂ ಈ ತಾಳ್ಮೆಯ ಕೆಲಸಕ್ಕೆ ಕೊಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ಬೆಳಕಿನ ಮಾತಿಗೆ ಬರೋಣ. ಸೆಕೆಂಡಿಗೆ 11 ಕಿ.ಮೀ. ವೇಗದ ಶಕ್ತಿಯೆಲ್ಲ ಗಾಳಿಯ ಉಷ್ಣತೆಯಾಗಿ ಮಾರ್ಪಟ್ಟರೆ ಎಷ್ಟಾಗುತ್ತದೆ ಎಂದು ಸರಳ ಸೂತ್ರದಲ್ಲಿ ಲೆಕ್ಕ ಹಾಕಿದರೆ 60,000 ಕೆಲ್ವಿನ್ ಬರುತ್ತದೆ. ನಿಜವಾಗಿ ಅದು 10,000ದಿಂದ 11,000 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದ ಶಕ್ತಿಯನ್ನು ಗಾಳಿಯ ಅಣುಗಳು ತಾವೇ ಒಡೆಯುವುದಕ್ಕೆ ಬಳಸಿಕೊಂಡಿರುತ್ತವೆ. 2,500 ಕೆಲ್ವಿನ್ ದಾಟುವಾಗ ಆಮ್ಲಜನಕದ ಅಣುಗಳು ಪರಮಾಣುಗಳಾಗಿ ಒಡೆಯತೊಡಗುತ್ತವೆ, 4,000 ದಾಟುವಾಗ ಸಾರಜನಕದವು. 9,000ದ ಸುಮಾರಿಗೆ ಪರಮಾಣುಗಳಿಂದ ಎಲೆಕ್ಟ್ರಾನುಗಳೇ ಬಿಡಿಸಿಕೊಂಡು ಹೊರಡುತ್ತವೆ. ಆಗ ಅದನ್ನು ಗಾಳಿ ಎನ್ನುವಂತಿಲ್ಲ, ಅದು ಪ್ಲಾಸ್ಮಾ. ಮರಳುವ ನೌಕೆಯ ರೇಡಿಯೊ ಸಂಪರ್ಕ ಕೆಲವು ನಿಮಿಷ ಕಡಿದುಹೋಗುವುದು ಈ ಬಿಡಿ ಎಲೆಕ್ಟ್ರಾನುಗಳ ದೆಸೆಯಿಂದ.

ಇಷ್ಟು ಕಾದ ಅನಿಲ ಬೆಳಗದೆ ಇರುವುದಿಲ್ಲ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್, ಇದು ಅದರ ಹತ್ತಿರ ಹತ್ತಿರ ಎರಡರಷ್ಟು. ಸಾರಜನಕ ಮತ್ತು ಆಮ್ಲಜನಕದ ಪರಮಾಣುಗಳು ತಮ್ಮ ತಮ್ಮ ನಿಯತ ಅಲೆಯುದ್ದಗಳಲ್ಲಿ ಬೆಳಕನ್ನು ಉಗುಳುತ್ತವೆ. ಅದರಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಅತಿ ನೇರಳಾತೀತ ಭಾಗದಲ್ಲಿದೆ. ಬಚ್ಚಲ ಒಲೆಯ ಮುಂದೆ ಕೂತಾಗ ಬಿಸಿಗಾಳಿಯೆಲ್ಲ ಹೊಗೆಗೂಡಿನ ಪಾಲಾದರೂ ಕೆಂಡದ ಕಾವು ನೇರವಾಗಿ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆಯೇ ಈ ಶಾಖವೂ ಬಿಸಿ ಅನಿಲ ಮೈಯನ್ನು ಮುಟ್ಟುವುದನ್ನು ಕಾಯದೆ ಕವಚಕ್ಕೆ ತಲುಪುತ್ತದೆ. ಮೊಂಡು ಮೂತಿ ಆಘಾತ ತರಂಗವನ್ನು ಎಷ್ಟೇ ದೂರ ತಳ್ಳಿದರೂ ಬೆಳಕು ಆ ದೂರವನ್ನು ಲೆಕ್ಕಿಸುವುದಿಲ್ಲ.

ಇಲ್ಲಿಯೇ ಆ್ಯಲೆನ್ನರ ಸೂತ್ರ ತಿರುಗಿಬೀಳುತ್ತದೆ. ತಾಗಿ ಬರುವ ಶಾಖ ಮೂತಿ ಮೊಂಡಾದಷ್ಟೂ ಕಡಿಮೆಯಾಗುತ್ತದೆ. ಮೂತಿಯ ತ್ರಿಜ್ಯ ನಾಲ್ಕು ಪಟ್ಟಾದರೆ ಶಾಖ ಅರ್ಧವಾಗುತ್ತದೆ. ಬೆಳಕಾಗಿ ಬರುವ ಶಾಖ, ಅಂದರೆ ವಿಕಿರಣದ ಶಾಖ, ಹಾಗಲ್ಲ. ಮೂತಿ ದೊಡ್ಡದಾದಷ್ಟೂ ಆಘಾತ ಪದರ ದಪ್ಪವಾಗುತ್ತದೆ, ಬೆಳಗುವ ಅನಿಲ ಹೆಚ್ಚುತ್ತದೆ, ಕವಚಕ್ಕೆ ಬೀಳುವ ಬೆಳಕೂ ಹೆಚ್ಚುತ್ತದೆ. ವೇಗದ ವಿಷಯದಲ್ಲಂತೂ ಇವೆರಡಕ್ಕೂ ಹೋಲಿಕೆಯೇ ಇಲ್ಲ. ತಾಗಿ ಬರುವ ಶಾಖ ಸ್ಥೂಲವಾಗಿ ವೇಗದ ಮೂರನೇ ಘಾತದಂತೆ ಏರಿದರೆ ವಿಕಿರಣದ ಶಾಖ ಎಂಟನೇ ಘಾತದಂತೆ, ಕೆಲವೊಮ್ಮೆ ಅದಕ್ಕೂ ಕಡಿದಾಗಿ ಏರುತ್ತದೆ. ವೇಗ 8 ಕಿ.ಮೀ.ಯಿಂದ 11ಕ್ಕೆ ಹೋದರೆ ಮೊದಲನೆಯದು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಎರಡನೆಯದು ಎಂಟನೇ ಘಾತದಲ್ಲೇ ಹಿಡಿದರೂ ಸುಮಾರು 13 ಪಟ್ಟು. ಕಕ್ಷೆಯಿಂದ ಇಳಿಯುವವರು ವಿಕಿರಣವನ್ನು ಹೆಚ್ಚುಕಡಿಮೆ ಮರೆತೇ ಬಿಡಬಹುದು. ಚಂದ್ರನಿಂದ ಬರುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗ್ರಹಗಳ ನಡುವಿನಿಂದ ಬರುವ ದೊಡ್ಡ ನೌಕೆಗಳಿಗೆ ಅದೇ ಮುಖ್ಯ ಲೆಕ್ಕ.

ವೇಗದಷ್ಟೇ ಅನಿಲವೂ ಮುಖ್ಯ. ಶನಿಯ ಉಪಗ್ರಹ ಟೈಟನ್‌ಗೆ 2005ರ ಜನವರಿ 14ರಂದು ಇಳಿದ ಹೈಗೆನ್ಸ್ ಶೋಧಕದ ವೇಗ ಸೆಕೆಂಡಿಗೆ 6 ಕಿ.ಮೀ. ಮಾತ್ರ. ಆದರೆ ಟೈಟನ್ನಿನ ಗಾಳಿ ಸಾರಜನಕ ಮತ್ತು ಮೀಥೇನಿನದು. ಎರಡೂ ಒಡೆದು ಸೇರಿದಾಗ ಇಂಗಾಲ ಮತ್ತು ಸಾರಜನಕದ ಒಂದೊಂದು ಪರಮಾಣು ಜೊತೆಗೂಡಿ ಸೈನೋಜನ್ ತುಣುಕುಗಳು ಹುಟ್ಟುತ್ತವೆ, ಅವು ನೇರಳೆ ಬಣ್ಣದಲ್ಲಿ ಬಲವಾಗಿ ಬೆಳಗುತ್ತವೆ. ಅಷ್ಟು ಕಡಿಮೆ ವೇಗದಲ್ಲೂ ವಿಕಿರಣದ ಶಾಖ ಹೈಗೆನ್ಸ್ ತಂಡವನ್ನು ತುಂಬ ಕಾಡಿತು. ಮಂಗಳದಲ್ಲಿ ಇನ್ನೊಂದು ಬಗೆ. ಅಲ್ಲಿನ ಇಂಗಾಲದ ಡೈಆಕ್ಸೈಡ್ ಅವಕೆಂಪಿನಲ್ಲಿ ಬೆಳಗುತ್ತದೆ, ಅದೂ ನೌಕೆಯ ಬೆನ್ನ ಹಿಂದೆ ಹಿಗ್ಗಿ ತಣಿಯುತ್ತಿರುವ ಅನಿಲದಲ್ಲಿ. ಬಹುಕಾಲ ಯಾರೂ ಅದಕ್ಕೆ ಗಮನ ಕೊಟ್ಟಿರಲಿಲ್ಲ. 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ನೌಕೆಯ ಹಿಂಬದಿಯ ಕವಚದಲ್ಲಿ ಆ ವಿಕಿರಣವನ್ನು ಅಳೆಯಲೆಂದೇ ಒಂದು ಮಾಪಕವನ್ನು ಕೂರಿಸಲಾಗಿತ್ತು.

ಅಪೊಲೊ ಯೋಜನೆ ಶುರುವಾದಾಗ ಭೂಮಿಯ ಗಾಳಿ 11 ಕಿ.ಮೀ. ವೇಗದಲ್ಲಿ ಎಷ್ಟು ಬೆಳಗುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿರಲಿಲ್ಲ. ಹಾಗಾಗಿ ಫೈರ್ ಎಂಬ ಯೋಜನೆಯಲ್ಲಿ ಎರಡು ಕ್ಯಾಪ್ಸೂಲ್‌ಗಳನ್ನು ಹಾರಿಸಿದರು, 1964ರ ಏಪ್ರಿಲ್‌ನಲ್ಲಿ ಒಂದು, 1965ರ ಮೇ ತಿಂಗಳಲ್ಲಿ ಇನ್ನೊಂದು. ಅಟ್ಲಾಸ್ ರಾಕೆಟ್ ಮೇಲಕ್ಕೆ ಒಯ್ದಿತು. ಆಮೇಲೆ ಇನ್ನೊಂದು ಮೋಟಾರು ಕ್ಯಾಪ್ಸೂಲನ್ನು ಭೂಮಿಯ ಕಡೆಗೇ ದೂಡಿ 11 ಕಿ.ಮೀ. ದಾಟಿಸಿತು. ಅದರ ಮೂತಿಯ ವಿನ್ಯಾಸ ನನಗೆ ಬಹಳ ಇಷ್ಟ. ಕವಚ ಸವೆಯುತ್ತಿದ್ದರೆ ಅದರ ಆವಿ ಸೇರಿಕೊಂಡು ಗಾಳಿಯ ಬೆಳಕಿನ ಅಳತೆ ಕೆಡುತ್ತದೆ. ಅದಕ್ಕೆಂದು ಸವೆಯದ ಬೆರಿಲಿಯಮ್ಮಿನ ಮೂರು ಪದರಗಳನ್ನು ಒಂದರ ಹಿಂದೊಂದು ಜೋಡಿಸಿದರು, ನಡುವೆ ರಕ್ಷಣೆಗೆ ಸವೆಯುವ ಪದರಗಳು. ಮೊದಲ ಬೆರಿಲಿಯಮ್ ಕರಗುವಷ್ಟು ಹೊತ್ತು ಅಳತೆ. ಅದು ಹೋದ ಮೇಲೆ ಅದರ ಕೆಳಗಿನ ಪದರವನ್ನೂ ಕಳಚಿ ಬಿಸಾಡಿ ಹೊಸ ಬೆರಿಲಿಯಮ್ಮಿನ ಮೈ ತೆರೆದುಕೊಂಡು ಮತ್ತೆ ಅಳತೆ. ಗಾಜಿನ ಕಿಟಕಿಗಳ ಹಿಂದೆ ವಿಕಿರಣಮಾಪಕಗಳು ಕೂತಿದ್ದವು. ಎರಡನೆಯ ಹಾರಾಟ ಕೆಲವೇ ಸೆಕೆಂಡುಗಳಲ್ಲಿ ಕೊಟ್ಟ ಅಂಕಿಗಳನ್ನು ಅರವತ್ತು ವರ್ಷಗಳ ನಂತರವೂ ಸಂಶೋಧಕರು ತಮ್ಮ ಕಂಪ್ಯೂಟರ್ ಲೆಕ್ಕವನ್ನು ಒರೆಗೆ ಹಚ್ಚಲು ಬಳಸುತ್ತಿದ್ದಾರೆ. 1967ರ ನವೆಂಬರ್ 9ರಂದು ಮಾನವರಹಿತ ಅಪೊಲೊ 4 ಅದೇ ವೇಗದಲ್ಲಿ ಮರಳಿತು. ಅಪೊಲೊ ಕವಚ ಅಗತ್ಯಕ್ಕಿಂತ ದಪ್ಪವಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಮನುಷ್ಯರನ್ನು ಕೂರಿಸಿ ಕಳಿಸುವವರು ಹಾಗೆ ಎಚ್ಚರ ವಹಿಸಿದ್ದು ಸರಿಯೇ.

ಅತಿವೇಗದ ಪ್ರವೇಶದಲ್ಲಿ ಇಂದಿಗೂ ಸಾಟಿಯಿಲ್ಲದ್ದು ಗೆಲಿಲಿಯೊ ಶೋಧಕ. 1995ರ ಡಿಸೆಂಬರ್ 7ರಂದು ಅದು ಗುರು ಗ್ರಹದ ವಾತಾವರಣಕ್ಕೆ ಬಿದ್ದ ವೇಗ ಸೆಕೆಂಡಿಗೆ 47.4 ಕಿ.ಮೀ. ಬೆಂಗಳೂರಿನಿಂದ ಮೈಸೂರಿಗೆ ಮೂರೇ ಸೆಕೆಂಡು. ಇದೂ ಕಡಿಮೆ ಮಾಡಿಕೊಂಡ ವೇಗ. ಗುರುವಿನ ಸೆಳೆತಕ್ಕೆ ಬಿದ್ದ ವಸ್ತು ಅದರ ಮೋಡಗಳನ್ನು ಮುಟ್ಟುವಾಗ ಸುಮಾರು 60 ಕಿ.ಮೀ. ವೇಗ ಗಳಿಸಿರುತ್ತದೆ. ಹತ್ತು ಗಂಟೆಗೊಮ್ಮೆ ತಿರುಗುವ ಆ ದೈತ್ಯ ಗ್ರಹದ ಸಮಭಾಜಕದ ಗಾಳಿಯೇ ಸೆಕೆಂಡಿಗೆ 12 ಕಿ.ಮೀ.ಗಿಂತ ವೇಗವಾಗಿ ಸುತ್ತುತ್ತಿದೆ. ಶೋಧಕವನ್ನು ಸಮಭಾಜಕದ ಹತ್ತಿರ, ಗ್ರಹ ತಿರುಗುವ ದಿಕ್ಕಿನಲ್ಲೇ ಇಳಿಸಿದರು. ಗಾಳಿಗೂ ನೌಕೆಗೂ ನಡುವಿನ ವೇಗ ಅಷ್ಟರಮಟ್ಟಿಗೆ ತಗ್ಗಿತು. ವಿಕಿರಣ ವೇಗದ ಎಂಟನೇ ಘಾತದಂತೆ ಏರುವಾಗ ಈ ರಿಯಾಯಿತಿ ಸಣ್ಣದಲ್ಲ.

ಆದರೂ ಉಳಿದದ್ದು ಭಯಂಕರ. ಆಘಾತ ಪದರದ ಉಷ್ಣತೆ ಸುಮಾರು 16,000 ಕೆಲ್ವಿನ್. ಗರಿಷ್ಠ ಘಟ್ಟದಲ್ಲಿ ಕವಚದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 30 ಕಿಲೋವ್ಯಾಟ್ ಶಾಖ ಬೀಳುತ್ತದೆ ಎಂಬುದು ಲೆಕ್ಕಾಚಾರದ ಅಂದಾಜು. ಸೂರ್ಯನ ಮೇಲ್ಮೈಯ ಒಂದು ಚದರ ಸೆಂಟಿಮೀಟರಿನಿಂದ ಹೊರಡುವ ಶಕ್ತಿ 6.3 ಕಿಲೋವ್ಯಾಟ್. ಅದರ ಐದು ಪಟ್ಟಿಗೆ ಹತ್ತಿರವಾದದ್ದು ಇಲ್ಲಿ ಮೈಮೇಲೆ ಬೀಳುತ್ತಿದೆ. ಅದರಲ್ಲಿ ಬಹುಪಾಲು ಬೆಳಕು. 4,000 ಕೆಲ್ವಿನ್‌ನಲ್ಲಿ ಬೆಳಗುವ ಇದ್ದಿಲು ಹೆಚ್ಚೆಂದರೆ ಒಂದೂವರೆ ಕಿಲೋವ್ಯಾಟ್ ಹೊರಸೂಸಬಲ್ಲದು, ಆದ್ದರಿಂದ ಬಂದದ್ದನ್ನು ಬೆಳಗಿ ಹಿಂತಿರುಗಿಸುವ ಉಪಾಯ ಇಲ್ಲಿ ನಡೆಯದು. ಕವಚ ತನ್ನನ್ನೇ ಆವಿಯಾಗಿ ಕೊಡುವುದೊಂದೇ ದಾರಿ. ಆ ಆವಿಯಿಂದ ಇನ್ನೊಂದು ಉಪಕಾರವಿದೆ. ಕವಚದಿಂದ ಎದ್ದ ಇಂಗಾಲದ ಆವಿ ಮೈಯ ಮುಂದೆ ಪರದೆಯಾಗಿ ನಿಂತು, ಹೊರಗಿನ ಬೆಳಕಿನ ಒಂದು ಪಾಲನ್ನು ತಾನೇ ಹೀರಿಕೊಳ್ಳುತ್ತದೆ. ಬೆಳಕು ಹೆಚ್ಚಿದರೆ ಆವಿ ಹೆಚ್ಚುತ್ತದೆ, ಆವಿ ಹೆಚ್ಚಿದರೆ ಒಳಕ್ಕೆ ಬರುವ ಬೆಳಕು ಕಡಿಮೆಯಾಗುತ್ತದೆ. ಸವೆತವನ್ನೂ ವಿಕಿರಣವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಲು ಬಾರದಿರುವುದು ಇದರಿಂದಲೇ.

ಸುಮಾರು 340 ಕಿಲೋ ತೂಗುತ್ತಿದ್ದ ಆ ಶೋಧಕದಲ್ಲಿ ಕವಚದ ತೂಕವೇ 152 ಕಿಲೋ. ಇಂಗಾಲದ ನಾರು ಮತ್ತು ಫೀನಾಲಿಕ್ ರಾಳದ ದಟ್ಟ ಮಿಶ್ರಣ ಅದು. ಅದರ ಪರೀಕ್ಷೆಗಾಗಿ ಏಮ್ಸ್‌ನಲ್ಲಿ ಜಲಜನಕ ಮತ್ತು ಹೀಲಿಯಮ್ಮನ್ನು ವಿದ್ಯುತ್ ಕಿಡಿಯಿಂದ ಕಾಯಿಸಿ ಹಾಯಿಸುವ ವಿಶೇಷ ಯಂತ್ರವನ್ನೇ ಕಟ್ಟಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿಹಾಕಿದರು. ಇಳಿಯುವಾಗ ಶೋಧಕ ಭೂಮಿಯ ಗುರುತ್ವದ 228 ಪಟ್ಟು ಬಲವನ್ನು ತಡೆದುಕೊಂಡಿತು. ಕವಚದಲ್ಲಿ 80 ಕಿಲೋ ಸವೆದುಹೋಯಿತು. ಉಳಿದದ್ದನ್ನು ಕಳಚಿ, ಪ್ಯಾರಾಚೂಟ್ ಬಿಚ್ಚಿ, ಶೋಧಕ 58 ನಿಮಿಷ ಗುರುವಿನ ಮೋಡಗಳ ನಡುವಿನಿಂದ ಮಾಹಿತಿ ಕಳಿಸಿತು.

ಕವಚದೊಳಗೆ ಹೂತಿಟ್ಟಿದ್ದ ಮಾಪಕಗಳು ಸವೆತ ಎಲ್ಲಿಯವರೆಗೆ ಬಂತು ಎಂಬುದನ್ನು ಕ್ಷಣಕ್ಷಣಕ್ಕೂ ದಾಖಲಿಸಿದ್ದವು. ಅವು ಎಂಜಿನಿಯರುಗಳ ಕುತೂಹಲಕ್ಕಷ್ಟೇ ಇಟ್ಟವಲ್ಲ. ನೌಕೆ ಎಷ್ಟು ಬೇಗ ನಿಧಾನವಾಗುತ್ತಿದೆ ಎಂಬುದರಿಂದ ಗುರುವಿನ ಮೇಲ್‌ಗಾಳಿಯ ಸಾಂದ್ರತೆಯನ್ನು ತಿಳಿಯಬೇಕಿತ್ತು. ಅದಕ್ಕೆ ಆ ಕ್ಷಣದಲ್ಲಿ ನೌಕೆಯ ತೂಕವೆಷ್ಟು ಎಂಬುದು ಗೊತ್ತಿರಲೇಬೇಕು. ದಾಖಲೆ ಬಂದಾಗ ಎಲ್ಲರಿಗೂ ಅಚ್ಚರಿ. ಮೂತಿಯ ನಡುಭಾಗ ಅಂದಾಜಿಗಿಂತ ಸಾಕಷ್ಟು ಕಡಿಮೆ ಸವೆದಿತ್ತು. ಅಂಚಿನ ಕಡೆ ಅಂದಾಜಿಗಿಂತ ಹೆಚ್ಚು ಸವೆದು, ಪದರ ಮುಗಿದೇ ಹೋಗುವ ಹಂತಕ್ಕೆ ಬಂದಿತ್ತು. ಮುಂದಿನ ಅಧ್ಯಯನಗಳು ಎರಡು ಕಾರಣಗಳನ್ನು ಹುಡುಕಿದವು. ನಡುಭಾಗದಲ್ಲಿ ಆವಿಯ ಪರದೆ ಬೆಳಕನ್ನು ತಡೆಯುವ ಬಗೆಯನ್ನು ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಬೇಕಿತ್ತು. ಅಂಚಿನಲ್ಲಿ, ಮೈಯಿಂದ ಚಿಮ್ಮುವ ಅನಿಲವೇ ಹರಿವನ್ನು ಕದಡಿ ಸುಳಿಗಳನ್ನು ಎಬ್ಬಿಸಿ ಬಿಸಿಯನ್ನು ಮೈಯ ಹತ್ತಿರಕ್ಕೆ ತಂದಿತ್ತು. ಅಂದಿನ ಅತ್ಯುತ್ತಮ ಲೆಕ್ಕಗಳು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂದು ತಪ್ಪಿದ್ದವು. ನಡುಭಾಗದ ಉಳಿತಾಯ ಅಂಚಿನ ನೆರವಿಗೆ ಬರುವಂತಿರಲಿಲ್ಲ.

ಆ ಕವಚವನ್ನು ಇಂದು ಮತ್ತೆ ಮಾಡಬೇಕೆಂದರೆ ಅದೇ ವಸ್ತು ಸಿಗದು. ಅದರ ಇಂಗಾಲದ ನಾರು ಮರದ ತಿರುಳಿನಿಂದ ಮಾಡಿದ ಒಂದು ನಿರ್ದಿಷ್ಟ ರೇಯಾನ್ ನೂಲಿನಿಂದ ಬರುತ್ತಿತ್ತು. ಅದನ್ನು ತಯಾರಿಸುತ್ತಿದ್ದ ಅಮೆರಿಕದ ಕಾರ್ಖಾನೆ 1989ರಲ್ಲಿ ಮುಚ್ಚಿತು. ಶುಕ್ರ, ಶನಿಯಂಥ ಗ್ರಹಗಳ ವಾತಾವರಣಕ್ಕೆ ಇಳಿಯಬಹುದೆಂಬ ಆಸೆಯಿಂದ ನಾಸಾ ಈಗ ಮೂರು ಆಯಾಮಗಳಲ್ಲಿ ನೇಯ್ದ ಹೊಸ ಬಟ್ಟೆಯ ಕವಚವನ್ನು ಅಭಿವೃದ್ಧಿಪಡಿಸಿದೆ.

ಹಗುರ ಕವಚಗಳ ಕಡೆಯೂ ದೊಡ್ಡ ಬದಲಾವಣೆ ಆಯಿತು. ಏಮ್ಸ್‌ನಲ್ಲಿ ಹುಟ್ಟಿದ ಪೀಕಾ ಎಂಬ ವಸ್ತು ಇಂಗಾಲದ ನಾರಿನ ಹೆಣಿಗೆಗೆ ತೆಳುವಾಗಿ ರಾಳ ಹಿಡಿಸಿ ಮಾಡಿದ್ದು, ನೀರಿನಲ್ಲಿ ತೇಲುವಷ್ಟು ಹಗುರ. ಧೂಮಕೇತುವಿನ ಧೂಳು ಹೊತ್ತ ಸ್ಟಾರ್‌ಡಸ್ಟ್ ಕ್ಯಾಪ್ಸೂಲ್ 2006ರ ಜನವರಿ 15ರಂದು ಸೆಕೆಂಡಿಗೆ ಸುಮಾರು 12.9 ಕಿ.ಮೀ. ವೇಗದಲ್ಲಿ ಬಂದು ಯೂಟಾದ ಮರುಭೂಮಿಯಲ್ಲಿ ಇಳಿದದ್ದು ಇದರ ಬಲದಿಂದ. ಅದನ್ನು ವಿಮಾನವೊಂದರಿಂದ ನೋಡುತ್ತಿದ್ದ ಸಂಶೋಧಕರು ಅದರ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಸೈನೋಜನ್‌ನ ನೇರಳೆ ಪಟ್ಟಿಗಳು ಕಂಡವು. ಗಾಳಿಯ ಸಾರಜನಕಕ್ಕೆ ಕವಚದ ಇಂಗಾಲ ಸೇರಿತ್ತು. ಕವಚ ಸವೆಯುತ್ತಲೇ ತನ್ನ ಸುತ್ತಲಿನ ಬೆಳಕಿನ ಬಣ್ಣವನ್ನೂ ಬದಲಿಸುತ್ತದೆ ಎಂಬುದಕ್ಕೆ ಇದು ನೇರ ಸಾಕ್ಷಿ. ಶುಕ್ಲಾ ಅವರ ಡ್ರ್ಯಾಗನ್ ನೌಕೆಯ ಕವಚವೂ ಪೀಕಾದ ವಂಶದ್ದೇ.

ಇಷ್ಟೆಲ್ಲ ಅನುಭವವಿದ್ದೂ ಅಚ್ಚರಿಗಳು ಏಕೆ ಮುಗಿಯುವುದಿಲ್ಲ? ಪ್ರಯೋಗಾಲಯದ ಮಿತಿಯೇ ಮುಖ್ಯ ಕಾರಣ. ಆರ್ಕ್ ಜೆಟ್ ಎಂಬ ಯಂತ್ರದಲ್ಲಿ ಬಿಸಿ ಅನಿಲವನ್ನು ನಿಮಿಷಗಟ್ಟಲೆ ಹಾಯಿಸಿ ಕವಚದ ತುಂಡು ಹೇಗೆ ಸವೆಯುತ್ತದೆಂದು ನೋಡಬಹುದು. ಆದರೆ ಅಲ್ಲಿನ ಅನಿಲ ನಿಜವಾದ ಹಾರಾಟದಷ್ಟು ಬೆಳಗುವುದಿಲ್ಲ. ಆಘಾತ ನಳಿಗೆಯಲ್ಲಿ ನಿಜವಾದ ವೇಗ, ನಿಜವಾದ ಬೆಳಕು ಎರಡೂ ಸಿಗುತ್ತವೆ, ಆದರೆ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ. ಅಷ್ಟರಲ್ಲಿ ಕವಚ ಬೆಚ್ಚಗೂ ಆಗಿರುವುದಿಲ್ಲ. ಸವೆತ ಮತ್ತು ಬೆಳಕು ಒಂದನ್ನೊಂದು ತಿದ್ದುವ ಆ ಸಂಬಂಧವನ್ನು ಪೂರ್ತಿಯಾಗಿ ತೋರಿಸುವ ಯಂತ್ರ ಭೂಮಿಯ ಮೇಲೆ ಇಲ್ಲ. ನಡುವಿನ ಅಂತರವನ್ನು ಕಂಪ್ಯೂಟರ್ ಲೆಕ್ಕ ತುಂಬಬೇಕು, ಆ ಲೆಕ್ಕವನ್ನು ಹಾರಾಟವೇ ಪರೀಕ್ಷಿಸಬೇಕು.

ನಾಸಾದ ಆರ್ಟೆಮಿಸ್ 1 ಯಾನ ಇದನ್ನು ಮತ್ತೆ ನೆನಪಿಸಿತು. 2022ರ ಡಿಸೆಂಬರ್ 11ರಂದು ಒರಾಯನ್ ಕ್ಯಾಪ್ಸೂಲ್ ಚಂದ್ರನ ಬಳಿಯಿಂದ ಮರಳಿತು. ಅದರ ಕವಚವೂ ಆವ್‌ಕೋಟೇ, ಆದರೆ ಲಕ್ಷಾಂತರ ಕೋಶಗಳ ಬದಲು 186 ದೊಡ್ಡ ತುಂಡುಗಳನ್ನು ಅಂಟಿಸಿದ್ದು. ನೀರಿನಿಂದ ಮೇಲೆತ್ತಿ ನೋಡಿದಾಗ ನೂರಕ್ಕೂ ಹೆಚ್ಚು ಕಡೆ ಇದ್ದಿಲಿನ ಪದರ ಸವೆಯುವ ಬದಲು ಚೂರಾಗಿ ಕಿತ್ತುಬಂದಿತ್ತು. ನಾಸಾ ತನಿಖೆಯ ಫಲಿತಾಂಶವನ್ನು 2024ರ ಡಿಸೆಂಬರ್‌ನಲ್ಲಿ ಹೇಳಿತು. ಒರಾಯನ್ ಒಮ್ಮೆ ವಾತಾವರಣಕ್ಕೆ ಮುಳುಗಿ, ಮೇಲೆದ್ದು, ಮತ್ತೆ ಮುಳುಗುವ ದಾರಿ ಹಿಡಿದಿತ್ತು. ಎರಡು ಮುಳುಗುಗಳ ನಡುವೆ ಹೊರಗಿನ ಬಿಸಿ ತಗ್ಗಿತು, ಒಳಗಿಳಿದ ಬಿಸಿ ಮಾತ್ರ ರಾಳವನ್ನು ಅನಿಲವಾಗಿ ಒಡೆಯುತ್ತಲೇ ಇತ್ತು. ಅನಿಲ ನುಸುಳಿ ಹೋಗುವಷ್ಟು ರಂಧ್ರಗಳು ಮೈಯಲ್ಲಿರಲಿಲ್ಲ. ಒತ್ತಡ ಸೇರಿ ಪದರ ಬಿರಿಯಿತು. ನೆಲದ ಪರೀಕ್ಷೆಗಳನ್ನು ಇನ್ನೂ ಹೆಚ್ಚಿನ ಶಾಖದಲ್ಲಿ ಮಾಡಿದ್ದರು. ಅಲ್ಲಿ ಇದ್ದಿಲು ಬೇಗ ಮೂಡಿ ರಂಧ್ರಮಯವಾಗುತ್ತಿದ್ದುದರಿಂದ ದೋಷ ಕಾಣಲೇ ಇಲ್ಲ. ಹೆಚ್ಚಿನ ಶಾಖದಲ್ಲಿ ಗೆದ್ದ ವಸ್ತು ಕಡಿಮೆ ಶಾಖದಲ್ಲಿ ಬಿರಿಯಬಹುದು ಎಂಬುದು ಯಾರ ಸಹಜ ಊಹೆಗೂ ನಿಲುಕುವ ಮಾತಲ್ಲ. ಕ್ಯಾಪ್ಸೂಲಿನ ಒಳಗೆ ಉಷ್ಣತೆ ಹಿತವಾಗಿಯೇ ಇತ್ತು, ಯಾತ್ರಿಗಳಿದ್ದಿದ್ದರೂ ಅಪಾಯವಿರಲಿಲ್ಲ. ಆದರೂ ಮುಂದಿನ ಯಾನಕ್ಕೆ ಇಳಿಯುವ ದಾರಿಯನ್ನೇ ಬದಲಿಸಲು ನಾಸಾ ತೀರ್ಮಾನಿಸಿತು.

ಭಾರತದ ಅನುಭವ ಈವರೆಗೆ ಚಂದ್ರನಿಂದ ಮರಳುವ ವೇಗಕ್ಕಿಂತ ಕೆಳಗಿನದು. 2007ರ ಜನವರಿ 22ರಂದು ಬಂಗಾಳ ಕೊಲ್ಲಿಗೆ ಇಳಿದ 550 ಕಿಲೋ ತೂಕದ ಎಸ್‌ಆರ್‌ಇ-1 ಕಕ್ಷೆಯಿಂದ ಮರಳಿದ ನಮ್ಮ ಮೊದಲ ನೌಕೆ, ಅದರ ಮೂತಿಗೆ ಕಾರ್ಬನ್ ಫೀನಾಲಿಕ್ ಇತ್ತು, ಮೈಗೆ ಸಿಲಿಕಾ ಹೆಂಚುಗಳು. 2014ರ ಡಿಸೆಂಬರ್ 18ರಂದು ಹಾರಿದ ಕೇರ್ ಕ್ಯಾಪ್ಸೂಲ್ ಕಕ್ಷೆಯನ್ನು ಮುಟ್ಟದೆ 126 ಕಿ.ಮೀ. ಎತ್ತರದಿಂದ ಮರಳಿತು. ಗಗನಯಾನವೂ ಕಕ್ಷೆಯ ವೇಗದ್ದೇ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಚಂದ್ರಯಾನ-4 ಚಂದ್ರನ ಮಣ್ಣನ್ನು ತರುವ ಯಾನ. ಆ ಮಣ್ಣು ಹೊತ್ತ ಕ್ಯಾಪ್ಸೂಲ್ ನಮ್ಮ ವಾತಾವರಣಕ್ಕೆ ನುಗ್ಗುವುದು ಸೆಕೆಂಡಿಗೆ 11 ಕಿ.ಮೀ. ವೇಗದಲ್ಲಿ. ಇಸ್ರೋ ಕಟ್ಟಿದ ಕವಚವೊಂದು ಗಾಳಿಯ ಬೆಳಕನ್ನು ಗಂಭೀರವಾಗಿ ಎದುರಿಸುವುದು ಅದೇ ಮೊದಲು. ಕ್ಯಾಪ್ಸೂಲ್ ಚಿಕ್ಕದಾದರೆ ಆಘಾತ ಪದರವೂ ತೆಳು, ವಿಕಿರಣವೂ ಕಡಿಮೆ, ಅಷ್ಟರಮಟ್ಟಿಗೆ ಅನುಕೂಲವಿದೆ.

ಸಿದ್ಧತೆಗೆ ಬೇಕಾದ ಬೇರುಗಳು ನಮ್ಮಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳಿಂದ ಆಘಾತ ಸುರಂಗಗಳಲ್ಲಿ ಅತಿವೇಗದ ಹರಿವಿನ ಅಧ್ಯಯನ ನಡೆದಿದೆ. ಅದೇ ಸಂಸ್ಥೆಯನ್ನು ಮುನ್ನಡೆಸಿದ ಸತೀಶ್ ಧವನ್ ಅವರ ಹೆಸರಿನ ಗಾಳಿಸುರಂಗ ಸಂಕೀರ್ಣ 2017ರಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದಲ್ಲಿ ಆರಂಭವಾಗಿದೆ. ಆದರೆ ಫೈರ್, ಗೆಲಿಲಿಯೊ, ಒರಾಯನ್ ಮೂರೂ ತೋರಿಸಿದ್ದು ಒಂದೇ, ನೆಲದ ಮೇಲಿನ ಪರೀಕ್ಷೆ ಎಷ್ಟೇ ಇದ್ದರೂ ಕೊನೆಯ ತೀರ್ಪು ಹಾರಾಟದ್ದು. ಗೆಲಿಲಿಯೊ ಕವಚದಲ್ಲಿ ಮಾಪಕಗಳು ಇರದಿದ್ದರೆ ಅದರ ಅಂಚು ಎಷ್ಟರಲ್ಲಿ ಉಳಿಯಿತು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಚಂದ್ರಯಾನ-4ರ ಕ್ಯಾಪ್ಸೂಲಿನ ಕವಚದೊಳಗೂ ಸವೆತದ ಮಾಪಕಗಳು, ತಾಪಮಾಪಕಗಳು, ಒಂದಾದರೂ ವಿಕಿರಣಮಾಪಕ ಇರಬೇಕು. ತೂಕ ಇಳಿಸುವ ಒತ್ತಡ ಬಂದಾಗ ಮೊದಲು ಕೈಬಿಡುವುದು ಇಂಥ ಸಣ್ಣ ಉಪಕರಣಗಳನ್ನೇ. ದಯವಿಟ್ಟು ಹಾಗೆ ಮಾಡಬಾರದು.